ನೀರು ಕುಡಿದ ಬೆಸುಗೆ

ಗುರುಪುರ ನದಿಯ ದಡದಲ್ಲಿ ನಮ್ಮ ಮನೆತನದ ಹೆಂಚಿನ ಕಾರ್ಖಾನೆ ನನ್ನ ಮುತ್ತಜ್ಜನ ಕಾಲದಿಂದ ಇತ್ತು. ನಮ್ಮ ಹೆಸರು ಒತ್ತಿದ ಹೆಂಚು ಇಗರ್ಜಿಯ ಮೇಲೂ ಇದೆ, ದೇವಸ್ಥಾನದ ಮೇಲೂ ಇದೆ, ಮಸೀದಿಯ ಮೇಲೂ ಇದೆ. ಸುಡುವಾಗ ಸೀಳು ಬಿಟ್ಟ ಹೆಂಚನ್ನು ನಮ್ಮವರು ಎಂದೂ ಹೊರಗೆ ಕಳುಹಿಸಲಿಲ್ಲ. ಅಂಗಳದಲ್ಲೇ ಒಡೆದು ಹಾಕಿದರು. ನಮ್ಮ ಮನೆಯವರ ಮಾತಿಗೆ ಸಾಕ್ಷಿ ಕೇಳಿದವರು ಈ ಊರಿನಲ್ಲಿಲ್ಲ.

ಕಾರ್ಖಾನೆ ನಿಂತ ಮೇಲೆ ನನ್ನ ತಂದೆ ಹೆಂಚು ಒಣಗಿಸುವ ಉದ್ದನೆಯ ಕೊಟ್ಟಿಗೆಯನ್ನು ಬೊನಿಫಾಸ್ ಮಾಸ್ಟ್ರಿಗೆ ಬಿಟ್ಟುಕೊಟ್ಟರು. ಅಲ್ಲಿ ನಡೆದದ್ದನ್ನು ಜನ ತಮಗೆ ತೋಚಿದಂತೆ ಹೇಳುತ್ತಾರೆ. ನಡೆದದ್ದು ಹೀಗೆ.

ಬೊನಿಫಾಸ್ ಮಾಸ್ಟ್ರು ಕಾಲೇಜಿನಲ್ಲಿ ಲೋಹಗಳ ಪಾಠ ಹೇಳಿ ನಿವೃತ್ತರಾದವರು. ಆಮೇಲೆ ಅವರು ಕಾಡುದಾರಿಯಲ್ಲಿ, ಕಲ್ಲುಕೋರೆಯಲ್ಲಿ, ಮರಳುದಿಬ್ಬದಲ್ಲಿ ಓಡುವ ಪಂದ್ಯದ ಗಾಡಿಗಳಿಗೆ ಚಾಸಿ ಕಟ್ಟುತ್ತಿದ್ದರು. ಕ್ರೋಮೋಲಿ ಎಂಬ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ಮಾಡುವ ಪಂಜರ ಅದು. ಗಾಡಿ ಉರುಳಿದರೂ ಒಳಗಿದ್ದವರು ಉಳಿಯಬೇಕು.

ಅವರಿಗೆ ಒಬ್ಬನೇ ಶಿಷ್ಯ, ಚಂದ್ರಹಾಸ. ಅವನು ಗೇಟು, ಕಿಟಕಿ ಗ್ರಿಲ್ ಮಾಡುವ ಅಂಗಡಿಯಿಂದ ಬಂದವನು. ಕೈ ಚುರುಕು. ಬಾಯಿಯೂ ಚುರುಕು.

ಮೊದಲ ಬೆಸುಗೆ ಮುಗಿಸಿದ ಕೂಡಲೇ ಚಂದ್ರಹಾಸ ಒಂದು ಚೆಂಬು ನೀರು ತಂದ. ಗ್ರಿಲ್ ಅಂಗಡಿಯಲ್ಲಿ ಹಾಗೆಯೇ ಅಭ್ಯಾಸ. ಬಿಸಿ ಜಾಯಿಂಟಿನ ಮೇಲೆ ನೀರು ಹೊಯ್ದು ಮುಂದಿನ ಕೆಲಸಕ್ಕೆ ಕೈ ಹಾಕುವುದು.

ಮಾಸ್ಟ್ರು ಆ ಚೆಂಬನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಕುಡಿದರು.

“ಬಾಯಾರಿದ್ದು ನನಗೆ,” ಎಂದರು. “ಉಕ್ಕಿಗಲ್ಲ.”

“ಅಂಗಡಿಯಲ್ಲಿ ನಾವು ಎಲ್ಲದಕ್ಕೂ ನೀರು ಹಾಕುತ್ತಿದ್ದೆವು ಮಾಸ್ಟ್ರೇ. ಒಂದು ಗೇಟೂ ಮುರಿದು ಬಿದ್ದದ್ದಿಲ್ಲ.”

“ನಿನ್ನ ಗೇಟು ನಾಯಿಯನ್ನು ತಡೆದರೆ ಸಾಕು ಮಾರಾಯ. ಇದು ಬೆಟ್ಟದಿಂದ ಬೀಳುವವನನ್ನು ತಡೆಯಬೇಕು.”

ಅವರು ಅದೇ ಕೊಳವೆಯ ಎರಡು ತುಂಡುಗಳಿಗೆ ಬೆಸುಗೆ ಹಾಕಿದರು. ಒಂದನ್ನು ಬಕೇಟಿನಲ್ಲಿ ಅದ್ದಿದರು. ಇನ್ನೊಂದನ್ನು ಹಾಗೆಯೇ ಬಿಟ್ಟು, ನದಿಯ ಕಡೆಯ ಬಾಗಿಲು ಮುಚ್ಚಿ, ಗಾಳಿಯೂ ತಾಗದಂತೆ ಮಾಡಿ, ಜಪಸರ ಹಿಡಿದು ಕುಳಿತರು.

“ಎಷ್ಟು ಹೊತ್ತು ಕಾಯಬೇಕು?” ಎಂದ ಶಿಷ್ಯ.

“ಅದಕ್ಕೆ ಬೇಕಾದಷ್ಟು.”

ಎರಡೂ ತಣಿದ ಮೇಲೆ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟರು. ತಾನಾಗಿ ತಣಿದದ್ದು ಪೆಟ್ಟಿಗೆ ಬಾಗಿತು, ಇನ್ನೊಂದು ಪೆಟ್ಟಿಗೆ ಇನ್ನಷ್ಟು ಬಾಗಿತು. ನೀರು ಕುಡಿದದ್ದು ಬೆಸುಗೆಯ ಅಂಚಿನಲ್ಲಿ ಟಕ್ಕೆಂದು ಮುರಿದು ಗೋಡೆಗೆ ಹಾರಿತು.

“ಯಾವುದರ ಒಳಗೆ ಕೂರುತ್ತೀ?” ಎಂದರು ಮಾಸ್ಟ್ರು.

ಚಂದ್ರಹಾಸ ಬಾಗಿದ ತುಂಡನ್ನು ಕೈಗೆತ್ತಿಕೊಂಡ. ಪಾಠ ಅವನಿಗೆ ಅರ್ಥವಾಗಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅವನಿಗೆ ಗೊತ್ತಿರಲಿಲ್ಲ ಎಂದು ಹೇಳುವವರಿದ್ದಾರೆ.

ಆ ವರ್ಷ ಇಲ್ಯಾಸ್ ಎಂಬವನು ಚಾಸಿ ಕಟ್ಟಿಸಲು ಬಂದ. ಮಾತು ಕಡಿಮೆ, ಗಾಡಿ ಓಡಿಸುವುದರಲ್ಲಿ ಹೆಸರು ಮಾಡಿದವನು. ಪಕ್ಕದ ಸೀಟಿನಲ್ಲಿ ಕುಳಿತು ದಾರಿ ಹೇಳುವವನು ಅವನ ತಮ್ಮ ನಿಸಾರ್.

ನಿಸಾರ್ ಬಂದನೆಂದರೆ ಕೊಟ್ಟಿಗೆ ತುಂಬಿದ ಹಾಗೆ. ಇನ್ನೂ ಸೀಟಿಲ್ಲದ, ಚಕ್ರವಿಲ್ಲದ ಪಂಜರದೊಳಗೆ ತೂರಿಕೊಂಡು ಪೈಂಟಿನ ಡಬ್ಬದ ಮೇಲೆ ಕೂರುತ್ತಿದ್ದ.

“ಮಾಸ್ಟ್ರೇ, ನನ್ನ ಕಡೆ ಸ್ವಲ್ಪ ಅಗಲ ಮಾಡಿ. ಮದುವೆಯಾದ ಮೇಲೆ ದಪ್ಪ ಆಗುತ್ತೇನೆ.”

“ಹುಡುಗಿ ಸಿಕ್ಕಿದಳಾ?”

“ದಾರಿ ಹೇಳುವವನಿಗೆ ಹುಡುಗಿಯ ಮನೆ ಸಿಗುವುದಿಲ್ಲವಾ? ಅಣ್ಣ ಸ್ಟೇರಿಂಗ್ ತಿರುಗಿಸಿದರೆ ಆಯಿತು.”

ಇಲ್ಯಾಸ್ ನಗುತ್ತಿದ್ದದ್ದು ಅವನೊಬ್ಬನ ಮಾತಿಗೆ ಮಾತ್ರ.

ಚಾಸಿ ಮುಗಿಯುವ ಹೊತ್ತಿಗೆ ಮಾಸ್ಟ್ರು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದರು. ಉಳಿದದ್ದು ಮುಂದಿನ ಎಡ ಚಕ್ರವನ್ನು ಚಾಸಿಗೆ ಹಿಡಿಯುವ ತೋಳು ಕೂರುವ ಮೂಲೆ ಒಂದೇ. ಅದನ್ನು ಚಂದ್ರಹಾಸನಿಗೆ ಒಪ್ಪಿಸಿದರು.

“ಗಡಿಬಿಡಿ ಬೇಡ,” ಎಂದರು.

ಬೆಸುಗೆ ಚೆನ್ನಾಗಿಯೇ ಬಂತು. ಆದರೆ ಬಿಸಿಗೆ ಕೊಳವೆ ಸ್ವಲ್ಪ ಎಳೆದುಕೊಂಡು ಮೂಲೆ ವಾರೆಯಾಯಿತು. ಸರಿಯಾದ ದಾರಿ ಒಂದೇ: ಕತ್ತರಿಸಿ ಹೊಸದಾಗಿ ಮಾಡುವುದು. ಮರುದಿನ ಇಲ್ಯಾಸ್ ಚಾಸಿ ಒಯ್ಯಲು ಬರುವವನಿದ್ದ.

ಗ್ರಿಲ್ ಅಂಗಡಿಯಲ್ಲಿ ವಾರೆಯಾದ ಕಬ್ಬಿಣವನ್ನು ನೆಟ್ಟಗೆ ಮಾಡುವ ಉಪಾಯವೊಂದಿದೆ. ಉಬ್ಬಿದ ಬದಿಯನ್ನು ಕೆಂಪಗೆ ಕಾಯಿಸಿ ಒದ್ದೆ ಗೋಣಿ ಒತ್ತಿದರೆ ಅದು ಕುಗ್ಗಿ ಸಾಲಿಗೆ ಬರುತ್ತದೆ.

ಚಂದ್ರಹಾಸ ಗೋಣಿ ಒದ್ದೆ ಮಾಡಿದ. ಒತ್ತಿದ. ಮೂಲೆ ನೂಲು ಹಿಡಿದ ಹಾಗೆ ನೆಟ್ಟಗೆ ಬಂತು.

ಮರುದಿನ ಮಾಸ್ಟ್ರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ ಕೊಟ್ಟಿಗೆಗೆ ಬಂದರು. ಬೆಸುಗೆಯ ಮೇಲೆ ಬೆರಳಾಡಿಸಿದರು.

“ಸಾಲು ಚೆನ್ನಾಗಿದೆ. ತಾನಾಗಿ ತಣಿಯಿತೋ?”

“ಹೌದು ಮಾಸ್ಟ್ರೇ.”

ಮಾಸ್ಟ್ರು ತಲೆಯಾಡಿಸಿದರು. ಇಲ್ಯಾಸ್ ಚಾಸಿ ಒಯ್ದ.

ಎಂಜಿನ್, ಚಕ್ರ ಕೂರಿಸಿದ ಮೇಲೆ ಗಾಡಿ ಹಲವು ವಾರ ಮರಳಿನಲ್ಲಿ ಓಡಿತು, ಹೊಳೆ ದಾಟಿತು, ಏನೂ ಆಗಲಿಲ್ಲ. ಚಂದ್ರಹಾಸ ಗೋಣಿಯನ್ನು ಮರೆತ.

ಪಂದ್ಯದ ದಿನ, ಹಳೆಯ ಕಲ್ಲುಕೋರೆಯ ಅಂಚಿನ ತಿರುವಿನಲ್ಲಿ ಗಾಡಿಯ ಮುಂದಿನ ಎಡ ಚಕ್ರ ಮಡಚಿತು. ಗಾಡಿ ಕೋರೆಯೊಳಕ್ಕೆ ಉರುಳಿತು. ನಿಸಾರ್ ಕುಳಿತಿದ್ದದ್ದು ಎಡಗಡೆ.

ಇಲ್ಯಾಸನಿಗೆ ಕೈ ಮಾತ್ರ ಮುರಿಯಿತು.

“ತಿರುವು ಬಂತು, ನಿಧಾನ ಅಂತ ಅವನು ಹೇಳಿದ್ದ,” ಎಂದು ಇಲ್ಯಾಸ್ ಎಲ್ಲರಿಗೂ ಹೇಳಿದ. “ನಾನು ಕೇಳಲಿಲ್ಲ. ವೇಗವಾಗಿ ತಿರುಗಿಸಿದೆ. ನಾನೇ ಕೊಂದೆ.”

ಊರು ಅದನ್ನು ನಂಬಿತು. ಊರಿಗೆ ಯಾರಾದರೂ ಒಬ್ಬರು ಬೇಕು; ಇಲ್ಯಾಸ್ ತಾನಾಗಿ ಮುಂದೆ ಬಂದಿದ್ದ.

ಆಮೇಲೆ ಅವನು ಗಾಡಿ ಮುಟ್ಟಲಿಲ್ಲ. ದಿನವೂ ದೋಣಿ ಕಟ್ಟುವ ಕಡವಿನ ಕಟ್ಟೆಯಲ್ಲಿ ಬಂದು ಕೂರುತ್ತಿದ್ದ. ನಮ್ಮ ಮನೆಯ ಜಗಲಿಯಿಂದ ಅವನ ಬೆನ್ನು ಕಾಣುತ್ತಿತ್ತು. ಕೂತವನು ಕತ್ತೆತ್ತಿದ್ದನ್ನು ನಾನು ನೋಡಿಲ್ಲ.

ಜಜ್ಜಿಹೋದ ಗಾಡಿಯನ್ನು ಲಾರಿಯಲ್ಲಿ ತಂದು ಕೊಟ್ಟಿಗೆಯ ಮುಂದೆ ಇಳಿಸಿದರು. ಅದರ ಕೆಸರು ತೊಳೆಯುವ ಕೆಲಸ ಚಂದ್ರಹಾಸನ ಪಾಲಿಗೆ ಬಂತು.

ಮುಂದಿನ ಎಡ ಮೂಲೆ ಬಿಟ್ಟುಕೊಂಡಿತ್ತು. ಕೆಸರು ಹೋದ ಮೇಲೆ ಹರಿದ ಬಾಯಿ ಕಂಡಿತು. ಒಂದು ಬದಿ ಹೊಸ ಗಾಯದ ಹಾಗೆ ಬಿಳಿ. ಇನ್ನೊಂದು ಬದಿ, ಬೆಸುಗೆಯ ಅಂಚಿನಲ್ಲಿ, ಕಂದುಗಪ್ಪು.

ಅವನು ಪೈಪು ಕೆಳಗೆ ಹಾಕಿದ. ನೀರು ಅಂಗಳದ ತುಂಬ ಹರಿಯಿತು.

ಸಂಜೆ ಅವನು ಮಾಸ್ಟ್ರ ಹತ್ತಿರ ಬಂದು ಕೇಳಿದ: “ಮಾಸ್ಟ್ರೇ, ಗಾಡಿ ಬಿದ್ದದ್ದರಿಂದ ಬೆಸುಗೆ ಹರಿಯಿತೋ, ಬೆಸುಗೆ ಹರಿದದ್ದರಿಂದ ಗಾಡಿ ಬಿತ್ತೋ, ಹೇಗೆ ಗೊತ್ತಾಗುತ್ತದೆ?”

ಮಾಸ್ಟ್ರು ಗರಗಸ ತೆಗೆದುಕೊಂಡು ಹೊರಗೆ ನಡೆದರು. ಆ ಮೂಲೆಯನ್ನು ಕೈಯಿಂದಲೇ ಕೊಯ್ದರು. ತುಂಡನ್ನು ಶಿಷ್ಯನ ಅಂಗೈಯಲ್ಲಿಟ್ಟರು.

“ನಿನಗೆ ಓದಲು ಬರುತ್ತದೆ,” ಎಂದರು. “ಓದು.”

“ಬಿಳಿ ಇರುವುದು ಆ ದಿನ ಹರಿದದ್ದು.”

“ಕಪ್ಪು?”

“ಮೊದಲೇ ಬಿಟ್ಟಿತ್ತು. ನೀರು ಹೋಗಿ ತುಕ್ಕು ಹಿಡಿದಿದೆ.”

“ಯಾಕೆ ಬಿಟ್ಟಿತು?”

“ಒದ್ದೆ ಗೋಣಿ ಒತ್ತಿದೆ ಮಾಸ್ಟ್ರೇ. ಮೂಲೆ ವಾರೆಯಾಗಿತ್ತು. ನಿಮಗೆ ಸುಳ್ಳು ಹೇಳಿದೆ.”

ಅವನು ಗುರುವಿನ ಕಾಲಿಗೆ ಬಿದ್ದ.

ಮಾಸ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

“ಏಳು. ಸತ್ತದ್ದು ನನ್ನ ತಮ್ಮನಲ್ಲ.”

“ನೀವು ನನಗೆ ಹೊಡೆಯಿರಿ.”

“ನಿನಗೆ ಹಗುರವಾಗಲಿ ಅಂತಲಾ?”

“ಇನ್ನು ನಾನು ಬೆಸುಗೆಯ ಕೆಲಸವನ್ನೇ ಮುಟ್ಟುವುದಿಲ್ಲ.”

“ಮುಟ್ಟಬೇಡ. ನಿಸಾರ್ ಎದ್ದು ಬರುತ್ತಾನಾ?”

ಶಿಷ್ಯ ನೆಲದ ಮೇಲೆಯೇ ಕುಳಿತ. ಕುಳಿತಲ್ಲಿಂದಲೇ ಹೇಳಿದ: “ನೀವೂ ಪರೀಕ್ಷೆ ಮಾಡಲಿಲ್ಲ ಮಾಸ್ಟ್ರೇ. ಕೆಂಪು ಬಣ್ಣ ಸವರಿ ಒರೆಸಿದ್ದರೆ ಬಿರುಕಿನೊಳಗೆ ಇಳಿದ ಬಣ್ಣ ಕಾಣುತ್ತಿತ್ತು. ಯಾವಾಗಲೂ ಸವರುತ್ತೀರಿ.”

“ಹೌದು.”

“ನಿಮಗೆ ಕಣ್ಣು ಕಟ್ಟಿದ್ದರು.”

“ಒಂದು ಕಣ್ಣು. ಇನ್ನೊಂದು ಇತ್ತಲ್ಲ?” ಮಾಸ್ಟ್ರು ಗರಗಸವನ್ನು ಮೊಳೆಗೆ ತೂಗುಹಾಕಿದರು. “ಉಕ್ಕನ್ನು ಕೇಳಬೇಕಾಗಿತ್ತು. ನಿನ್ನನ್ನು ಕೇಳಿದೆ.”



ಮರುದಿನ ಚಂದ್ರಹಾಸ ಬೇರೆ ಮಾತು ತಂದ. ಅವನ ಮುಖ ನೋಡಿದರೆ ನಿದ್ದೆ ಮಾಡಿದವನಂತಿರಲಿಲ್ಲ.

“ಇಲ್ಯಾಸಣ್ಣನಿಗೆ ಹೇಳಿದರೆ ಅವನ ದುಃಖ ಇನ್ನೂ ಹೆಚ್ಚಾಗುವುದಿಲ್ಲವಾ? ಈಗಲೇ ಅರ್ಧ ಸತ್ತ ಹಾಗಿದ್ದಾನೆ. ಕಾಲ ಕಳೆದ ಹಾಗೆ ತಾನಾಗಿ ತಣಿಯುತ್ತದೆ.”

ಮಾಸ್ಟ್ರು ಅಂಗಳದಿಂದ ಎರಡು ಗೋಣಿಚೀಲ ಮರಳು ತುಂಬಿಸಿ ತರಲು ಹೇಳಿದರು. ಎರಡನ್ನೂ ಅವನ ಹೆಗಲಿಗೆ ಏರಿಸಿ, “ನಿಂತಿರು,” ಎಂದರು.

ಅವನು ನಿಂತ. ಮೊದಲು ಮೊಣಕಾಲು ನಡುಗಿತು, ಆಮೇಲೆ ಸೊಂಟ ಬಾಗಿತು.

“ಮಾಸ್ಟ್ರೇ, ಒಂದನ್ನಾದರೂ ಇಳಿಸಿ.”

“ಯಾವುದನ್ನು?”

“ಯಾವುದಾದರೂ!”

“ಇಲ್ಯಾಸ್ ಎರಡು ಹೊತ್ತುಕೊಂಡು ಕೂತಿದ್ದಾನೆ. ಒಂದು ಅವನ ತಮ್ಮ. ಅದನ್ನು ಇಳಿಸಲು ನನ್ನಿಂದಲೂ ಆಗದು, ನಿನ್ನಿಂದಲೂ ಆಗದು.” ಮಾಸ್ಟ್ರು ಒಂದು ಚೀಲವನ್ನು ಎಳೆದು ನೆಲಕ್ಕೆ ಹಾಕಿದರು. “ಇನ್ನೊಂದು ನಿನ್ನದು.”

ಇಬ್ಬರೂ ಕಡವಿಗೆ ನಡೆದರು. ಇಳಿತದ ಹೊತ್ತು. ನೀರು ಹಿಂದೆ ಸರಿದು ದಡದ ಕೆಸರು ಕಾಣುತ್ತಿತ್ತು.

ಇಲ್ಯಾಸ್ ಮಾಸ್ಟ್ರನ್ನು ಕಂಡು ಎದ್ದು ನಿಂತ. ಅವನ ಕೈಗೆ ಇನ್ನೂ ಪಟ್ಟಿ ಇತ್ತು.

“ಕೂತುಕೋ ಮಗ,” ಎಂದರು ಮಾಸ್ಟ್ರು.

ಅವನು ಕೂರಲಿಲ್ಲ. “ನಿಮ್ಮ ಗಾಡಿಯನ್ನು ಹಾಳು ಮಾಡಿದೆ ಮಾಸ್ಟ್ರೇ. ನಿಧಾನ ಅಂತ ಅವನು ಹೇಳಿದ್ದ. ನಾನೇ...”

“ನನ್ನ ಕೊಟ್ಟಿಗೆಯಿಂದ ಹೊರಟ ಗಾಡಿ. ನಾನು ಪರೀಕ್ಷೆ ಮಾಡದೆ ಕಳುಹಿಸಿದೆ. ನನ್ನನ್ನು ಕ್ಷಮಿಸು.”

ಇಲ್ಯಾಸನಿಗೆ ಅರ್ಥವಾಗಲಿಲ್ಲ. ವಯಸ್ಸಾದವರು ತಲೆ ಬಾಗಿಸಿ ನಿಂತದ್ದನ್ನು ನೋಡಲಾರದೆ ಅವನು ಚಂದ್ರಹಾಸನ ಕಡೆ ತಿರುಗಿದ.

“ಎಂತ ಮಾರಾಯ ಇದು?”

ಚಂದ್ರಹಾಸ ಕೊಳವೆಯ ತುಂಡನ್ನು ಚಾಚಿದ. ಇಲ್ಯಾಸ್ ಅದನ್ನು ಸರಿಯಿದ್ದ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದ. ಹೆಬ್ಬೆರಳು ಒಂದು ಕಡೆ ನಿಂತಿತು.

“ಇಲ್ಲಿ ಕಪ್ಪು ಯಾಕೆ?”

“ಅದು... ಹಳೆಯ ಬಿರುಕು ಇಲ್ಯಾಸಣ್ಣ.”

“ಹಳೆಯದು ಅಂದರೆ?”

“ಪಂದ್ಯಕ್ಕಿಂತ ಮೊದಲಿನದು. ಗಾಡಿ ಓಡಿದಷ್ಟೂ ಬೆಳೆದಿದೆ. ಆ ತಿರುವಿನಲ್ಲಿ ಪೂರ್ತಿ ಬಿಟ್ಟಿತು.”

“ಹಾಗಾದರೆ, ನಾನು ನಿಧಾನ ಹೋಗಿದ್ದರೆ?”

“ನಿಧಾನ ಹೋಗಿದ್ದರೂ ಬಿಡುತ್ತಿತ್ತು. ಅಲ್ಲಿ ಅಲ್ಲದಿದ್ದರೆ ಇನ್ನೊಂದು ಕಡೆ.”

ಇಲ್ಯಾಸ್ ಕಟ್ಟೆಯ ಮೇಲೆ ಕುಳಿತ. ನದಿಯನ್ನು ನೋಡಿದ. ಮತ್ತೆ ತುಂಡನ್ನು ನೋಡಿದ.

“ನಾನೇ ಕೊಂದೆ ಅಂತ ಹೆತ್ತ ಉಮ್ಮನಿಗೆ ಹೇಳಿದ್ದೇನೆ,” ಎಂದ. “ಅವತ್ತಿನಿಂದ ಅವರು ನನ್ನ ತಟ್ಟೆಗೆ ಅನ್ನ ಬಡಿಸುತ್ತಾರೆ, ಮುಖ ನೋಡುವುದಿಲ್ಲ.”

ಇಲ್ಯಾಸನ ಭುಜ ಅಲುಗತೊಡಗಿತು. ಅವನು ಅತ್ತದ್ದು ಅಂದೇ ಮೊದಲು ಎಂದು ಆಮೇಲೆ ಅವನ ಮನೆಯವರು ಹೇಳಿದರು.

ಚಂದ್ರಹಾಸ ಒಂದು ಹೆಜ್ಜೆ ಮುಂದೆ ಬಂದ.

“ನೋಡಿ ಇಲ್ಯಾಸಣ್ಣ, ಆ ದಿನ ಮೂಲೆ ಎಳೆದುಕೊಂಡಿತ್ತು. ಕತ್ತರಿಸಿ ಮಾಡಲು ಸಮಯ ಇರಲಿಲ್ಲ. ಮಾಸ್ಟ್ರೂ ಇರಲಿಲ್ಲ. ಬಕೇಟಿನ ನೀರು ಹಾಕಲಿಲ್ಲ ನಾನು, ಒದ್ದೆ ಗೋಣಿ ಮಾತ್ರ. ಬೇರೆ ಕಬ್ಬಿಣವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಈ ಉಕ್ಕಿನ ಗುಣವೇ ಹಾಗೆ...”

“ಚಂದ್ರಹಾಸ,” ಎಂದರು ಮಾಸ್ಟ್ರು.

ಅವನು ನಿಲ್ಲಿಸಿದ.

“ಉಕ್ಕಿನ ಮಾತು ಮುಗಿಯಿತು. ಕ್ಷಮೆ ಕೇಳು.”