ಗಿಣಿ ಕಲಿಸಿದ ಪಾಠ

ಈಚಲ ತೋಪಿನಲ್ಲಿ ಮರಿಹಕ್ಕಿಗಳು ಮರಕ್ಕೆ ಕಟ್ಟಿದ ಮಡಕೆಯ ಹೆಂಡ ಕುಡಿದು ಅದರಲ್ಲೇ ಮುಳುಗಿ ಸಾಯುತ್ತಿದ್ದವು. ಗಿಣಿ ಅವಕ್ಕೆಲ್ಲ "ಮಡಕೆಗೆ ಬಾಯಿ ಹಾಕಬೇಡಿ" ಎಂಬ ಪಾಠ ಕಲಿಸಿತು. ಪಾಠ ಫಲಿಸಿತೇ ಎಂದು ಅಳೆಯಲು, ತಪ್ಪಿಲ್ಲದೆ ಒಪ್ಪಿಸಿದ ಮರಿಗೊಂದರಂತೆ ಪೊಟರೆಯಲ್ಲಿ ಬೇವಿನ ಬೀಜ ಇಟ್ಟಿತು. ಪೊಟರೆ ತುಂಬಿತು.

ಹೆಂಡತಿ ಸತ್ತ ಮೇಲೆ ಒಂದೇ ಮರಿಯನ್ನು ಸಾಕಿಕೊಂಡಿದ್ದ ಮುದಿ ಗೊರವಂಕ ಬಂದಿತು.

"ಗಿಣಿಯಪ್ಪ, ನನ್ನ ಮಗನ ಬೀಜ ತೆಗೆದುಬಿಡು. ನಿನ್ನೆ ಮಡಕೆಯೊಳಗೆ ಹೆಣವಾಗಿ ಸಿಕ್ಕಿದ."

"ಹೇಗಣ್ಣ ತೆಗೀಲಿ? ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದವನು ಅವನೇ."

"ಹೌದು. ಮಡಕೆ ಅಂಚಲ್ಲಿ ಕೂತು ಆ ಪಾಠಾನೇ ಹಾಡ್ತಿದ್ದನಂತೆ."

"ನೋಡಿದ್ಯಾ! ಕೊನೇವರೆಗೂ ಮರೀಲಿಲ್ಲ!" ಗಿಣಿ ಹಿಗ್ಗಿತು.

ಗೊರವಂಕ ಮೆಲ್ಲಗೆ ಹಾರಿಹೋಗಿ ಆ ಮಡಕೆಯ ಬಾಯಿಗೆ ರೆಕ್ಕೆ ಅಡ್ಡ ಹಿಡಿದು ಕೂತಿತು. ಕುಡಿಯಲು ಬಂದ ಮರಿಯೊಂದನ್ನು ಕೇಳಿತು:

"ಯಾರ ಮಗಳವ್ವ ನೀನು? ಬೆಳಗಿನಿಂದ ಏನಾದ್ರೂ ತಿಂದ್ಯಾ?"