ಕಪ್ಪು ದಾರದ ಗುಂಡಿ

"ಮೇಷ್ಟ್ರೇ, ಹಳೆಯ ಕ್ಯಾಮೆರಾ ಮೇಲೋ, ಹೊಸದು ಮೇಲೋ?"

ಯೋಗಾನಂದ ಹೀಗೆ ಕೇಳಿ, ಚಾಪೆಯ ಮೇಲೆ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟ. ಒಂದಕ್ಕೆ ಹನ್ನೆರಡು ವರ್ಷವಾಗಿತ್ತು. ಹಿಡಿದು ಹಿಡಿದು ಅಂಚುಗಳ ಬಣ್ಣ ಹೋಗಿತ್ತು. ಇನ್ನೊಂದನ್ನು ಡಬ್ಬಿಯಿಂದ ತೆಗೆದು ಎರಡು ವಾರವೂ ಆಗಿರಲಿಲ್ಲ. ಅವುಗಳ ಮುಂದೆ ಎರಡು ಚಿತ್ರಗಳನ್ನೂ ಇಟ್ಟ. ಎರಡರಲ್ಲೂ ಇದ್ದವನು ಒಬ್ಬನೇ, ಬೀದಿಯ ತಿರುವಿನಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವ ಅಜ್ಜ.

ಸಿದ್ಧಬಸವಯ್ಯ ಮೇಷ್ಟ್ರು ನಲವತ್ತು ವರ್ಷ ಸ್ಟುಡಿಯೋ ನಡೆಸಿದವರು. ಈಗ ಭಾನುವಾರದ ಬೆಳಿಗ್ಗೆ ತಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನಕ್ಕೆ ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದರು. ಆ ನಾಲ್ವರಲ್ಲಿ ಯೋಗಾನಂದ ಚುರುಕಿನವನು. ಅದು ಅವನಿಗೂ ಗೊತ್ತಿತ್ತು.

ಅವನು ತನ್ನ ಪರೀಕ್ಷೆಯನ್ನು ವಿವರಿಸಿದ. ಒಂದೇ ಲೆನ್ಸು, ಒಂದೇ ಬೆಳಕು, ಒಂದೇ ದೂರ. ಹೊಸದರಲ್ಲಿ ಅಜ್ಜನ ತೋಳಿನ ಇಸ್ತ್ರಿಗೆರೆ ಬ್ಲೇಡಿನಷ್ಟು ಚೂಪಾಗಿ ಬಂದಿದೆ, ಹಳೆಯದರಲ್ಲಿ ಅದು ತುಸು ಮಸುಕು. ಆದರೆ ಹಳೆಯದರಲ್ಲಿ ಮೈಬಣ್ಣಕ್ಕೊಂದು ಹದವಿದೆ. ಗೆಳೆಯರು ಎರಡು ಪಕ್ಷವಾಗಿದ್ದಾರೆ. ಮೇಷ್ಟ್ರ ತೀರ್ಪು ತರುತ್ತೇನೆಂದು ಅವರಿಗೆ ಮಾತು ಕೊಟ್ಟು ಬಂದಿದ್ದಾನೆ.

ಮೇಷ್ಟ್ರು ಕ್ಯಾಮೆರಾಗಳನ್ನೂ ಮುಟ್ಟಲಿಲ್ಲ, ಚಿತ್ರಗಳನ್ನೂ ಮುಟ್ಟಲಿಲ್ಲ. ಮೊದಲು ಒಂದು ಕತೆ ಕೇಳು, ತೀರ್ಪನ್ನು ಆಮೇಲೆ ನೀನೇ ಕೊಡುವೆಯಂತೆ ಎಂದು ಹೇಳಿ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಮದುವೆಯಿರಲಿ, ನಾಮಕರಣವಿರಲಿ, ಶಾಲೆಯ ಮಕ್ಕಳ ಗುಂಪಿರಲಿ, ಜನ ಅವನನ್ನೇ ಕರೆಯುತ್ತಿದ್ದರು. ಅವನ ನಾಲಿಗೆಯ ತುದಿಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತಿತ್ತು. ಯಾರು ಚಿತ್ರ ಕೇಳಿದರೂ "ಕೊಡೋಣ" ಎನ್ನುವನು. ಹೇಳಿ ತೆಗೆಸಿದವರಿಗೆ ಚಿತ್ರ ಸಿಗುತ್ತಿತ್ತು. ಅವನೇ ತನ್ನ ಖುಷಿಗೆ ಯಾರ ಚಿತ್ರ ತೆಗೆದುಕೊಳ್ಳುತ್ತಿದ್ದನೋ, ಅಂಥವರಿಗೆ ಆ ಮಾತು ಮಾತ್ರ ಸಿಗುತ್ತಿತ್ತು.

ಅವನ ಅಂಗಡಿಯ ಎದುರಿಗೆ, ಹೊಂಗೆ ಮರದ ಕೆಳಗೆ, ಬೀಗ ರಿಪೇರಿ ಮಾಡುವವನೊಬ್ಬ ಕೂರುತ್ತಿದ್ದ. ಒಮ್ಮೆ ಛಾಯಾಗ್ರಾಹಕ ಅಂಗಡಿಯ ಕೀಲಿಕೈ ಕಳೆದುಕೊಂಡ. ಮುಹೂರ್ತಕ್ಕೆ ಹೊತ್ತಾಗುತ್ತಿದೆ, ಕ್ಯಾಮೆರಾ ಒಳಗಿದೆ. ಬೀಗದವನು ತಾನಾಗಿ ಎದ್ದು ಬಂದು, ಒಂದು ತಂತಿಯ ತುಂಡಿನಿಂದ ಬೀಗ ತೆಗೆದುಕೊಟ್ಟ. ಕೂಲಿ ಎಷ್ಟು ಎಂದರೆ, ಎದುರುಬದುರು ಇರುವವರ ನಡುವೆ ಅದೆಲ್ಲ ಯಾಕೆ ಎಂದು ಹೋಗಿ ಕೂತ.

ಛಾಯಾಗ್ರಾಹಕನ ಹತ್ತಿರ ಹತ್ತು ವರ್ಷದ ಕ್ಯಾಮೆರಾ ಇತ್ತು. ಅದರ ಬೆನ್ನಿನ ಪರದೆ ಅಂಚೆಚೀಟಿಗಿಂತ ತುಸು ದೊಡ್ಡದು. ನಸುಬೆಳಕಿನಲ್ಲಿ ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಅವನು ಹೊಸದೊಂದನ್ನು ತಂದ. ತಂದವನು ಸುಮ್ಮನಿರಲಿಲ್ಲ. ಎರಡನ್ನೂ ಸರಿಯಾಗಿ ಹೋಲಿಸಿ, ಹೊಸದು ಎಷ್ಟು ಮೇಲೆಂದು ಊರಿನ ಛಾಯಾಗ್ರಾಹಕರಿಗೆಲ್ಲ ತೋರಿಸಬೇಕು ಎಂಬ ಹುಮ್ಮಸ್ಸು ಹತ್ತಿತು. ಪರೀಕ್ಷೆಗೆ ಅಲುಗಾಡದೆ ಕೂರುವ ಮನುಷ್ಯ ಬೇಕು. ಬೀಗದವನು ಒಂದೇ ಕಡೆ ತಾಸುಗಟ್ಟಲೆ ಕೂರುತ್ತಿದ್ದ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿನ್ನ ಫೋಟೋ ತೆಗೆಯುತ್ತೇನೆ ಎಂದು ಹೇಳಿದ. ಬೀಗದವನು ವಯಸ್ಸಿನಲ್ಲಿ ಅವನಿಗಿಂತ ಹಿರಿಯ. ಆದರೂ ಏಕವಚನವೇ.

ಮರುದಿನ ಬೀಗದವನು ಗಡ್ಡ ಹೆರೆಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬೆನ್ನು ನೆಟ್ಟಗೆ ಮಾಡಿ ಕ್ಯಾಮೆರಾವನ್ನು ನೋಡಿದ. ಛಾಯಾಗ್ರಾಹಕನಿಗೆ ಅದು ಬೇಡ. ನನ್ನನ್ನು ನೋಡಬೇಡ, ಬೀಗವನ್ನು ನೋಡು, ದಿನಾ ಹೇಗೆ ಕೂರುತ್ತೀಯೋ ಹಾಗೆ ಕೂರು ಎಂದ. ಹಳೆಯ ಕ್ಯಾಮೆರಾದಲ್ಲಿ ಅರವತ್ತು ಚಿತ್ರ ತೆಗೆದ. ಹೊಸದನ್ನು ಎತ್ತಿಕೊಂಡರೆ ಅದರ ಬ್ಯಾಟರಿ ಸತ್ತಿತ್ತು. ಹಿಂದಿನ ದಿನವೆಲ್ಲ ಅದರ ಜೊತೆ ಆಡಿ ಆಡಿ, ಚಾರ್ಜಿಗೆ ಹಾಕುವುದನ್ನೇ ಮರೆತಿದ್ದ. ಹೋಲಿಕೆ ಎಂದಮೇಲೆ ಎಲ್ಲವೂ ಒಂದೇ ಇರಬೇಕಲ್ಲವೇ? ನಾಳೆಯೂ ಇದೇ ಹೊತ್ತಿಗೆ, ಇದೇ ಅಂಗಿ ಹಾಕಿಕೊಂಡು ಕೂರು ಎಂದು ಅಪ್ಪಣೆ ಮಾಡಿದ.

ಬೀಗದವನು ಒಪ್ಪಿಕೊಂಡ. ಸ್ವಲ್ಪ ತಡೆದು ಕೇಳಿದ, "ಸ್ವಾಮಿ, ನನಗೂ ಒಂದು ಕೊಡ್ತೀರಾ? ಮನೇಲಿ ಒಂದೂ ಇಲ್ಲ."

"ಕೊಡೋಣ," ಎಂದ ಛಾಯಾಗ್ರಾಹಕ.

ಮರುದಿನ ಬೀಗದವನು ಅದೇ ಅಂಗಿಯಲ್ಲಿ ಬಂದ. ಇಡೀ ದಿನ ತುಕ್ಕು, ಎಣ್ಣೆಗಳ ನಡುವೆ ಕೂತು ಎದ್ದವನ ಅಂಗಿ ಬೆಳಗಾಗುವುದರೊಳಗೆ ಮತ್ತೆ ಹೇಗೆ ಬೆಳ್ಳಗಾಯಿತು ಎಂದು ಛಾಯಾಗ್ರಾಹಕ ಯೋಚಿಸಲಿಲ್ಲ. ಬೆಳಕು ನಿನ್ನೆಯಂತೆಯೇ ಇತ್ತು. ಅವನಿಗೆ ಅಷ್ಟು ಸಾಕಾಗಿತ್ತು. ಹೊಸ ಕ್ಯಾಮೆರಾದಲ್ಲಿ ಅರವತ್ತು ತೆಗೆದ.

ಮಧ್ಯಾಹ್ನ ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ಹಿಗ್ಗಿಸಿದ. ಈ ಕಸುಬಿನವರು ಹೇಗೆ ಹೋಲಿಸುತ್ತಾರೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಮುಖ ಹೋಗಿ ಹುಬ್ಬು ಉಳಿಯುತ್ತದೆ. ಕಿವಿ ಹೋಗಿ ಹಾಲೆಯ ತುದಿ ಉಳಿಯುತ್ತದೆ. ಹಾಗೆ ಹಿಗ್ಗಿಸುತ್ತಾ ಹೋದವನಿಗೆ ಅಂಗಿಯ ಎರಡನೆಯ ಗುಂಡಿಯಲ್ಲಿ ನಿಧಿ ಸಿಕ್ಕಿತು. ಹೊಸ ಕ್ಯಾಮೆರಾದ ಚಿತ್ರದಲ್ಲಿ ಗುಂಡಿಯ ನಾಲ್ಕು ತೂತುಗಳ ನಡುವೆ ಕಪ್ಪು ದಾರ, ಅದರ ಎಳೆ ಎಳೆಯೂ ಕಾಣುತ್ತಿದೆ. ಹಳೆಯದರಲ್ಲಿ ಕಪ್ಪಿನ ಸುಳಿವೇ ಇಲ್ಲ. ಬಿಳಿ ಗುಂಡಿ, ಅದರೊಳಗೆ ಬರೀ ಬಿಳುಪು.

ಅವನು ಊರಿನ ಛಾಯಾಗ್ರಾಹಕರನ್ನೆಲ್ಲ ಕರೆಸಿ ತೋರಿಸಿದ. ಹಳೆಯದಕ್ಕೆ ಕಣ್ಣಿಗೆ ಪೊರೆ ಬಂದಿದೆ, ಕಪ್ಪು ಯಾವುದು ಬಿಳಿ ಯಾವುದು ಎನ್ನುವುದೇ ಅದಕ್ಕೆ ತಿಳಿಯುವುದಿಲ್ಲ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಎಲ್ಲರೂ ಹೌದೆಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಹುಬ್ಬುಗಳನ್ನು, ಕಿವಿಯ ಹಾಲೆಗಳನ್ನು, ಗುಂಡಿಗಳನ್ನು ಕತ್ತರಿಸಿ ಒಂದು ಹಾಳೆಯ ಮೇಲೆ ಜೋಡಿಸಿದ. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ. ಉಳಿದ ಚಿತ್ರಗಳನ್ನೆಲ್ಲ ಅಳಿಸಿಹಾಕಿದ. ಪರೀಕ್ಷೆಗೆ ತೆಗೆದದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಳೆಯ ಕ್ಯಾಮೆರಾವನ್ನು ಪರವೂರಿನ ಯಾರಿಗೋ ದಾಟಿಸಿದ.

ಬೀಗದವನು ಎರಡು ಸಲ ರಸ್ತೆ ದಾಟಿ ಬಂದ. ಮೊದಲನೆಯ ಸಲ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬಾಗಿಲಲ್ಲೇ ನಿಂತು ಹಿಂದಿರುಗಿದ. ಎರಡನೆಯ ಸಲ ಗೋಡೆಯ ಹಾಳೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತ. ಅದರಲ್ಲಿ ಇರುವುದು ತಾನೇ ಎಂದು ಅವನಿಗೆ ತಿಳಿಯಲಿಲ್ಲ. ಛಾಯಾಗ್ರಾಹಕ ತಲೆ ಎತ್ತದೆ, ಕೊಡೋಣ ಕೊಡೋಣ ಎಂದ. ಆಮೇಲೆ ಬೀಗದವನು ಕೇಳಲು ಬರಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಯಾರೋ ಅಂಗಡಿಗೆ ಬಂದು, ಎದುರಿನ ಬೀಗದವನು ಎಲ್ಲಿ ಎಂದು ಕೇಳಿದರು. ಆಗಲೇ ಛಾಯಾಗ್ರಾಹಕ ಹೊಂಗೆ ಮರದ ಕಡೆ ನೋಡಿದ್ದು. ಅಲ್ಲಿ ಯಾರೂ ಇರಲಿಲ್ಲ. ಎರಡು ದಿನದ ಜ್ವರದಲ್ಲಿ ಬೀಗದವನು ತೀರಿಕೊಂಡು ಆಗಲೇ ವಾರವಾಗಿತ್ತು.

ಅದಾದ ಎರಡನೆಯ ದಿನ ಅವನ ಹೆಂಡತಿ ಅಂಗಡಿಗೆ ಬಂದಳು. ಅವಳಿಗೆ ಬೇಕಾಗಿದ್ದುದು ಒಂದೇ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೂ ಹಾಕಿ ಇಡಲು ಗಂಡನದೊಂದು ಫೋಟೋ. ಮನೆಯಲ್ಲಿ ಇದ್ದ ಫೋನು ಬರೀ ಮಾತಾಡುವುದಕ್ಕೆ ಆಗುವಂಥದು. ಗುರುತಿನ ಚೀಟಿಯ ಮೇಲಿನ ಮುಖವೋ, ಸ್ವತಃ ಅವನೇ ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ನೀವು ಎರಡು ದಿನ ಕೂರಿಸಿ ತೆಗೆದಿರಂತೆ, ಒಂದು ಕೊಟ್ಟರೆ ಸಾಕು ಎಂದಳು.

ಛಾಯಾಗ್ರಾಹಕ ರೂಢಿಯಂತೆ ಕೊಡೋಣ ಎಂದುಬಿಟ್ಟ. ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಇಲ್ಲವೆಂದು ಅವನಿಗೆ ಗೊತ್ತು. ಅಳಿಸಿದ ಜಾಗದ ಮೇಲೆ ಎಷ್ಟೋ ಮದುವೆಗಳ ಚಿತ್ರಗಳು ಬಂದು ಹೋಗಿದ್ದವು. ಆದರೂ ಹುಡುಕುತ್ತಲೇ ಇದ್ದ. ನಿಲ್ಲಿಸಿದರೆ ತಿರುಗಬೇಕು, ತಿರುಗಿದರೆ ಆ ಹೆಂಗಸಿಗೆ ಮುಖ ತೋರಿಸಬೇಕು.

ಕೊನೆಗೆ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ, ಇಲ್ಲಮ್ಮ ಎಂದ. ನೂರಿಪ್ಪತ್ತು ತೆಗೆದಿದ್ದೆ, ಒಂದೂ ಉಳಿದಿಲ್ಲ ಎಂದ. ಅಷ್ಟು ತೆಗೆದದ್ದು ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಅವಳ ಕಣ್ಣು ಗೋಡೆಯ ಹಾಳೆಯ ಮೇಲಿತ್ತು. ಎದ್ದು ಹತ್ತಿರ ಹೋಗಿ ಬಲಗಡೆಯ ಗುಂಡಿಯ ಮೇಲೆ ಬೆರಳಿಟ್ಟಳು.

"ಇದು ಅವರ ಅಂಗೀದು," ಎಂದಳು. "ಈ ಗುಂಡಿ ಹೊಲಿದಿದ್ದು ನಾನೇ ಅಣ್ಣಾ. ಮಾರನೇ ದಿನಾನೂ ಅದೇ ಅಂಗಿ ಬೇಕು ಅಂದ್ರಂತಲ್ಲ ನೀವು, ಸಾಯಂಕಾಲ ಒಗೆಯೋವಾಗ ಕಿತ್ತು ಬಂತು. ಮನೇಲಿ ಬಿಳಿ ದಾರ ಇರಲಿಲ್ಲ. ಕರೀದು ಎದ್ದು ಕಾಣುತ್ತೆ ಅಂದೆ. ಫೋಟೋದಲ್ಲಿ ಇಷ್ಟೆಲ್ಲ ಯಾರು ನೋಡ್ತಾರೆ ಹೊಲಿ ಅಂದ್ರು ಅವರು."

ಛಾಯಾಗ್ರಾಹಕ ಎಡಗಡೆಯ ಗುಂಡಿಯನ್ನು ನೋಡಿದ. ಅದರಲ್ಲಿ ಬಿಳಿ ದಾರವಿತ್ತು. ಮೊದಲ ದಿನ ಅಲ್ಲಿ ಇದ್ದದ್ದೇ ಬಿಳಿ ದಾರ. ಹಳೆಯ ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ಕಂಡಿತ್ತು. ಹೊಸದೂ ಇದ್ದದ್ದನ್ನು ಇದ್ದಂತೆ ಕಂಡಿತ್ತು. ಎರಡು ದಿನ ಆ ಮನುಷ್ಯನ ಎದುರಿಗೇ ನಿಂತು ಏನನ್ನೂ ಕಾಣದವನು ಅವನೊಬ್ಬನೇ. ಪೊರೆ ಬಂದಿದೆ ಎಂದು ಊರಿನವರ ಮುಂದೆ ನಕ್ಕಿದ್ದು ನೆನಪಾಗಿ ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವಳು ಹಾಳೆಯ ಮೇಲಿಂದ ಕೆಳಗಿನವರೆಗೂ ನೋಡಿದಳು. "ಮುಖ ಇಲ್ವಾ ಅಣ್ಣಾ?" ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಹಾಗಾದರೆ ಇದನ್ನೇ ಕೊಡಿ ಎಂದಳು. ಅವನು ಹಾಳೆಯನ್ನು ಗೋಡೆಯಿಂದ ಬಿಡಿಸಿ ಕೊಟ್ಟ. ಅವಳು ಅದನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಹೋದಳು. ಒಂದು ಬೈಗುಳವನ್ನಾದರೂ ಬೈದು ಹೋಗಬಾರದಿತ್ತೇ ಎಂದು ಅವನು ಬಹಳ ಹೊತ್ತು ಅಂದುಕೊಂಡ.

ಹನ್ನೊಂದನೆಯ ದಿನ ಅವನು ಬರಿಗೈಯಲ್ಲಿ ಅವರ ಮನೆಗೆ ಹೋದ. ಮಣೆಯ ಮೇಲೆ ಬೀಗದವನ ಕೀಲಿಕೈ ಗೊಂಚಲನ್ನು ಇಟ್ಟು ಹೂ ಹಾಕಿದ್ದರು. ಅದಕ್ಕೆ ಒರಗಿಸಿ ಆ ಹಾಳೆಯನ್ನೂ ಇಟ್ಟಿದ್ದರು. ಕಪ್ಪು ದಾರದ ಗುಂಡಿಯೊಂದೇ ಕಾಣುವಂತೆ ಮಡಚಿದ್ದರು. ಬಾಗಿಲಲ್ಲಿ ನಿಂತವನನ್ನು ನೋಡಿ ಇವರು ಯಾರು ಎಂದು ನೆಂಟರು ಕೇಳಿದರು. ಅವರ ಫೋಟೋ ತೆಗೆದವರು ಎಂದಳು ಅವಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಒಳಗೆ ಕರೆದು ಎಲೆ ಹಾಕಿದರು. ಅವನು ಉಂಡ. ಆದರೆ ತಲೆ ಎತ್ತಲಿಲ್ಲ.

ಇಷ್ಟು ಹೇಳಿ ಮೇಷ್ಟ್ರು ಕತೆ ಮುಗಿಸಿದರು.

ಯೋಗಾನಂದ ಯೋಚಿಸಿದ. ಕತೆಯಲ್ಲಿ ಎಲ್ಲೋ ಒಂದು ತಪ್ಪಿದೆ, ಅದನ್ನು ಹುಡುಕಿ ಹೇಳುವುದೇ ಮೇಷ್ಟ್ರು ತನಗಿಟ್ಟ ಪರೀಕ್ಷೆ ಎಂದು ಅವನಿಗೆ ತೋರಿತು. ತಪ್ಪು ಸಿಕ್ಕಿತು. ಸಿಕ್ಕಿದ್ದಕ್ಕೆ ಮುಖವೂ ಅರಳಿತು.

"ಅವನು ಹೋಲಿಸಿದ ರೀತಿಯೇ ಸರಿಯಿಲ್ಲ ಮೇಷ್ಟ್ರೇ. ಎರಡನ್ನೂ ಒಂದೇ ದಿನ ತೆಗೀಬೇಕಿತ್ತು. ನಾನು ಐದೇ ನಿಮಿಷದಲ್ಲಿ ಎರಡನ್ನೂ ತೆಗೆದಿದ್ದೀನಿ."

ಮೇಷ್ಟ್ರು ಆಗ ಮೊದಲ ಸಲ ಎರಡು ಚಿತ್ರಗಳನ್ನೂ ಕೈಗೆ ತೆಗೆದುಕೊಂಡರು. ತಾವು ನೋಡಿ, ಆಮೇಲೆ ಅವನ ಕಡೆಗೆ ತಿರುಗಿಸಿ ಹಿಡಿದರು. ಯೋಗಾನಂದನ ಕಣ್ಣು ಅಭ್ಯಾಸದಂತೆ ತೋಳಿನ ಇಸ್ತ್ರಿಗೆರೆಯ ಮೇಲೆ ಹೋಯಿತು. ಇಡೀ ವಾರ ಅಳೆದು ನೋಡಿದ್ದ ಗೆರೆ ಅದು. ಇಸ್ತ್ರಿಯ ಅಜ್ಜ ವರ್ಷವಿಡೀ ಮುದುರಿದ ಬನಿಯನ್ನಿನಲ್ಲೇ ಇರುತ್ತಿದ್ದ. ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವನು ಅಂದು ತನಗೂ ಒಂದು ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ನಿಂತಿದ್ದ. ಇದು ಯೋಗಾನಂದನಿಗೆ ಈಗ ಹೊಳೆಯಿತು.

"ಇವೆರಡರಲ್ಲಿ ಯಾವುದನ್ನು ಅಜ್ಜನಿಗೆ ಕೊಟ್ಟೆ?" ಎಂದರು ಮೇಷ್ಟ್ರು.