ತಿಳಿನೀರಿನ ಸರ್ಟಿಫಿಕೇಟು

ಕಲ್ಲಿದ್ದಲು ಗಣಿಯವರು ಹಳ್ಳಕ್ಕೆ ಕೊಳೆ ಬಿಡುತ್ತಾರೆಂದು ಊರವರು ಕೋರ್ಟಿಗೆ ಹೋಗಿದ್ದರು. ಗಣಿಯ ಮ್ಯಾನೇಜರು ಬಂದು ಪಂಚಾಯ್ತಿ ಗುಮಾಸ್ತ ಗದಿಗೆಪ್ಪನ ಮೇಜು ಗುದ್ದಿದ. "ಹಳ್ಳದ ನೀರು ತಿಳಿಯಾಗಿದೆ ಅಂತ ಬರೆದುಕೊಡು. ಇಲ್ಲದಿದ್ದರೆ ನಿನ್ನ ಕೆಲಸ ಉಳಿಯೋದಿಲ್ಲ!"

ಅದೇ ನೀರು ಕುಡಿಯುವ ಗದಿಗೆಪ್ಪನಿಗೆ ಸಂಕಟವಾಯಿತು. ಆದರೂ "ಆಗಲಿ ಸಾಹೇಬ್ರೇ" ಎಂದು ಹಳ್ಳದವರೆಗೆ ಹೋಗಿ ಬಂದು, ಹೇಳಿದ್ದನ್ನೇ ದುಂಡಗೆ ಬರೆದು, ಸೀಲು ಒತ್ತಿ ಕೊಟ್ಟ. ಮ್ಯಾನೇಜರು ಬೀಗುತ್ತ ಅದನ್ನು ಕೋರ್ಟಿಗೆ ಹಾಜರುಪಡಿಸಿದ.

ಜಡ್ಜ್ ಸಾಹೇಬರು ಕಾಗದ ಮುಟ್ಟಿದರೆ ಬೆರಳೆಲ್ಲ ಮಸಿ. ಗದಿಗೆಪ್ಪನನ್ನು ಕರೆಸಿ, "ಇದೆಂಥ ಶಾಯಿರೀ?" ಎಂದು ಕೇಳಿದರು.

"ಶಾಯಿಯಲ್ಲ ಸ್ವಾಮಿ, ಹಳ್ಳದ ನೀರು. ಕಡ್ಡಿ ಅದ್ದಿ ಬರೆದೆ."

ಕೋರ್ಟೆಲ್ಲ ಗೊಳ್ಳೆಂದಿತು. ಕೊಳೆ ಬಿಡುವುದು ಅಂದೇ ನಿಲ್ಲಬೇಕೆಂದು ಆಜ್ಞೆಯಾಯಿತು.

ಹೊರಗೆ ಮ್ಯಾನೇಜರು ಹಲ್ಲು ಕಡಿದ. "ನಿನ್ನ ಹತ್ರ ಪೆನ್ನಿರಲಿಲ್ವೇನೋ?"

"ಇತ್ತು ಸಾಹೇಬ್ರೇ. ಹಳ್ಳದ ವಿಷಯ ಅದಕ್ಕೇನು ಗೊತ್ತು?"